ಮೇಷ್ಟ್ರ ತಲೆ ಮೇಲಿನ ಜಪಾನ್ ಹೆಡ್‌ಫೋನು

ಮೊನ್ನೆ ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ಒಂದು ಹೆಡ್‌ಫೋನ್ ತಂದು ನನ್ನ ಮುಂದಿಟ್ಟಳು. ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಬೀದಿಯವರು ನನ್ನನ್ನು ಬಿಟ್ಟಿಲ್ಲ. ಮಿಕ್ಸಿ ಕೆಟ್ಟರೂ ನಾನೇ, ಕಾಲಿಂಗ್ ಬೆಲ್ ಕೆಟ್ಟರೂ ನಾನೇ. "ತಾತಾ, ಇದನ್ನ ಫೋನಿಗೆ ಹಾಕಿದ್ರೆ ಸೌಂಡೇ ಬರಲ್ಲ, ಇದಕ್ಕೆ ಪವರ್ ಜಾಸ್ತಿ ಬೇಕಂತೆ" ಅಂದಳು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದೆ. ಜಾಲರಿಯ ಹಿಂದೆ ಸಾಲಾಗಿ ಅಯಸ್ಕಾಂತದ ಪಟ್ಟಿಗಳು, ಅವುಗಳ ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹಾಳೆ, ಹಾಳೆಯ ಮೇಲೆ ತಾಮ್ರದ ಗೆರೆ. ಈ ಜಾತಿಯದನ್ನು ನಾನು ಹಿಂದೆ ಹಿಡಿದದ್ದು ಒಂದೇ ಒಂದು. ಅದು ಕೂತಿದ್ದು ಮೇಷ್ಟ್ರ ತಲೆಯ ಮೇಲೆ.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ನಾಟಕದ ಹಾರ್ಮೋನಿಯಂ ಮೇಷ್ಟ್ರು. ಕೊಳ್ಳೇಗಾಲದಲ್ಲಿ ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಅವರ ಮನೆ. ಸುಗ್ಗಿ ಮುಗಿದು ರೈತರಿಗೆ ಬಿಡುವಾದ ಮೇಲೆ ಹನೂರು, ಕೌದಳ್ಳಿ, ಮಾರ್ಟಳ್ಳಿ, ಆ ಕಡೆ ಯಳಂದೂರಿನ ಹಳ್ಳಿಗಳಿಂದಲೂ ಜನ ಬಂದು ಅವರಿಗೆ ವೀಳ್ಯ ಕೊಡುತ್ತಿದ್ದರು. ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟು, "ನಮ್ಮೂರ ನಾಟ್ಕ ನೀವೇ ಕಲಿಸ್ಕೊಡ್ಬೇಕು" ಅಂತ ಕೈಮುಗಿದು ಕೇಳಬೇಕು. ಮೇಷ್ಟ್ರು ಎಲೆ ಎತ್ತಿಕೊಂಡರೆ ಮುಗಿಯಿತು, ನಾಟಕ ಆಡಿ ಮುಗಿಸುವ ತನಕ ಬೇರೆ ಮೇಷ್ಟ್ರನ್ನು ಕರೆಯುವ ಹಾಗಿಲ್ಲ. ಹಾಗೆ ಕರೆದರೆ ವೀಳ್ಯ ಕೊಟ್ಟವರಿಗೇ ಅವಮಾನ. ನೇಗಿಲು ಹಿಡಿದ ಕೈಗೆ ಗದೆ ಕೊಟ್ಟು ಕಂದಪದ್ಯ ಹಾಡಿಸುವುದೆಂದರೆ ಹುಡುಗಾಟವಲ್ಲ. ಮೇಷ್ಟ್ರು ಬೈದು, ಅಳಿಸಿ, ಕೊನೆಗೆ ಹಾಡಿಸಿಯೇ ಬಿಡುತ್ತಿದ್ದರು. ಮಧ್ಯಾಹ್ನ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ನಾನು ರಿಪೇರಿ ಮಾಡಿದ ರೇಡಿಯೋದಲ್ಲೂ ಶ್ರುತಿ ತಪ್ಪು ಹಿಡಿಯುತ್ತಿದ್ದ ಮಹಾನುಭಾವರು ಅವರು.

ಅಂಥವರ ಕಿವಿಯೇ ಹೋಗತೊಡಗಿತು…

ಮೊದಮೊದಲು ನಮಗೆ ತಿಳಿಯಲಿಲ್ಲ. ಕೂಗಿದರೆ ತಿರುಗುತ್ತಿರಲಿಲ್ಲ, ಜಂಬ ಅಂದುಕೊಂಡೆವು. ಆಮೇಲೆ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಒಳಗಿನ ನರ ಸೊರಗಿದೆ, ಔಷಧಿ ಇಲ್ಲ ಅಂದರಂತೆ. ಕಿವಿಗೆ ಸಿಕ್ಕಿಸುವ ಮಿಷಿನ್ನು ಹಾರ್ಮೋನಿಯಂ ಹತ್ತಿರ ಹೋದರೆ ಸಾಕು, ಕುಯ್ಯೋ ಅಂತ ಶಿಳ್ಳೆ ಹೊಡೆಯುತ್ತಿತ್ತು. ಅದೇ ಹೊತ್ತಿಗೆ ಕೌದಳ್ಳಿಯವರು ವೀಳ್ಯ ತಂದರು. ಮೇಷ್ಟ್ರು ಎಲೆ ಎತ್ತಿಕೊಂಡುಬಿಟ್ಟರು. ಎತ್ತಿಕೊಂಡ ಮೇಲೆ ನೇರ ನನ್ನ ಅಂಗಡಿಗೆ ಬಂದರು.

"ಏನಾರ ಮಾಡು ರೇಡಿಯೋದವ್ನೇ. ಈ ನಾಟ್ಕ ಒಂದು ಕೆಟ್ರೆ ಇನ್ನು ನನ್ನ ಯಾರೂ ಕರೆಯಲ್ಲ. ಈ ಹಾರ್ಮೋನಿಯಂ ಪೆಟ್ಟಿಗೆ ಬುಟ್ರೆ ನಂಗೆ ಬ್ಯಾರೆ ಏನು ಬತ್ತದ ಏಳು."

ನನ್ನ ಹತ್ತಿರ ಆ ಜಪಾನ್ ಹೆಡ್‌ಫೋನ್ ಬಿದ್ದಿತ್ತು. ರೇಷ್ಮೆ ಹುಳು ಸಾಕುವುದನ್ನು ಕಲಿಯಲು ಜಪಾನಿಗೆ ಹೋಗಿಬಂದ ಅಧಿಕಾರಿಯೊಬ್ಬರು ತಂದಿದ್ದು. ಅವರ ರೇಡಿಯೋಗೆ ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು. ವರ್ಗವಾಗಿ ಹೋಗುವಾಗ ನನ್ನ ತಲೆಗೇ ಕಟ್ಟಿ ಹೋಗಿದ್ದರು. ಸಾಧಾರಣ ಹೆಡ್‌ಫೋನಿಗೆ ಚಮಚದಷ್ಟು ಕರೆಂಟು ಸಾಕಾದರೆ ಇದಕ್ಕೆ ಚೊಂಬುಗಟ್ಟಲೆ ಬೇಕು. ಆದರೆ ಕೊಟ್ಟರೆ ಮಾತ್ರ ಎಷ್ಟು ಕೊಟ್ಟರೂ ಕಿರುಚದು, ಹಾಳೆ ಪೂರ್ತಿ ಒಟ್ಟಿಗೇ ಅಲುಗುವುದರಿಂದ ಒಳ್ಳೇ ಶುದ್ಧ ಸ್ವರ. ಮೇಷ್ಟ್ರಿಗೆಂದೇ ದೇವರು ಕಳಿಸಿದ್ದಾನೆ ಅಂದುಕೊಂಡೆ ನಾನು, ಪೆದ್ದ.

ಹಳೇ ಕಾರು ರೇಡಿಯೋ ಒಂದರ ಟ್ರಾನ್ಸಿಸ್ಟರು ಕಿತ್ತು, ಬಿಸ್ಕತ್ ಡಬ್ಬದೊಳಗೆ ಆಂಪ್ಲಿಫಯರ್ ಕಟ್ಟಿದೆ. ಮುಂದೆ ಒಂದು ಸ್ವಿಚ್ಚು, ಒಂದು ಕೆಂಪು ದೀಪ, ಮಾತು ಹಿಡಿಯಲು ಒಂದು ಮೈಕು. ಹಳ್ಳಿಯ ಕರೆಂಟು ನಂಬುವ ಹಾಗಿಲ್ಲವಲ್ಲ, ಕಾರಿನ ಬ್ಯಾಟರಿಯಲ್ಲೇ ಓಡುವ ಹಾಗೆ ಮಾಡಿದೆ. ಮೇಷ್ಟ್ರ ತಲೆಗೆ ಹಾಕಿ ಸ್ವಿಚ್ಚು ಒತ್ತಿ, ಹಾರ್ಮೋನಿಯಂನಲ್ಲಿ ಒಂದು ಸ್ವರ ಒತ್ತಿ ಹಿಡಿದೆ.

"ಗುಂಯ್ಯ್ ಅಂತದ ಕಣಪ್ಪ. ಬಾವಿ ಒಳ್ಗಿಂದ ಯಾರೋ ಕೂಗ್ದಂಗದ. ಸ್ವರ ಯಾವ್ದು ಅಂತ ಗೊತ್ತಾಗಲ್ಲ."

ಗುಂಯ್‌ಗುಡುವುದನ್ನು ಇಳಿಸಬೇಕು ಅಂತ ಬಿಚ್ಚಿದೆ. ಹಿಂದಿನ ಬಟ್ಟಲಿನಲ್ಲಿದ್ದ ಉಣ್ಣೆಯ ಬಿಲ್ಲೆ ತೆಗೆದು, ರೇಷ್ಮೆ ಗೂಡಿನ ಮೇಲಿನ ಒರಟು ಎಳೆಯನ್ನು ಅರಳೆಯ ಹಾಗೆ ಬಿಡಿಸಿ ತುಂಬಿದೆ. ನಮ್ಮೂರಲ್ಲಿ ರೇಷ್ಮೆಗೇನು ಬರ. ತೆಳ್ಳಗೆ ತುಂಬಿದರೆ ಒಂದು ಥರ, ಒತ್ತಿ ತುಂಬಿದರೆ ಇನ್ನೊಂದು ಥರ. ದಪ್ಪ ಸ್ವರ ತಡೆಯಲು ತಂತಿಗೆ ಕೆಪಾಸಿಟರ್ ಸೇರಿಸಿದೆ. ಅಂಚಿನ ಸ್ಪಂಜು ಬೆವರಿಗೆ ಜಿಗುಟಾಗುತ್ತಿತ್ತು, ಅದಕ್ಕೆ ನನ್ನ ಹೆಂಡತಿ ಹಳೇ ಸೀರೆಯಲ್ಲಿ ಗವಸು ಹೊಲಿದುಕೊಟ್ಟಳು. ನನ್ನ ಕಿವಿಗೆ ಹಾಕಿಕೊಂಡರೆ ಆಹಾ, ಓಣಿಯಲ್ಲಿ ಬಳೆ ಸದ್ದಾದರೂ ಯಾವ ಮನೆಯದೆಂದು ಹೇಳಬಹುದಿತ್ತು. ಮೇಷ್ಟ್ರಿಗೆ ಅದೇ ಬಾವಿ. ಪವರ್ ಏರಿಸಿದೆ. ಇನ್ನೂ ಏರಿಸಿದೆ. ಕೇಳದೆ ಕೇಳದೆ ಇದ್ದು ಒಮ್ಮೆಗೇ ಮೇಷ್ಟ್ರು ಮುಖ ಕಿವುಚಿ, ಹೆಡ್‌ಫೋನ್ ಕಿತ್ತು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು, ಕಣ್ಣಲ್ಲಿ ನೀರು. ಕೇಳಿಸದ ಕಿವಿಗೂ ನೋವು ಮಾತ್ರ ಕೇಳಿಸುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು. ಪವರ್ ಕೊಡುವುದು ನನ್ನ ಕೈಲಿತ್ತು, ಸೊರಗಿದ ನರಕ್ಕೆ ಜೀವ ಕೊಡುವುದು ಇರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ದಿನಾ ಅದನ್ನು ಬಿಚ್ಚುವುದು, ತುಂಬುವುದು, ಮುಚ್ಚುವುದು.

ಆಮೇಲೊಂದು ಬೆಳಿಗ್ಗೆ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡವರೇ, "ಈಗ ಕೇಳ್ತದ ಕಣಪ್ಪ. ಸಂದಾಗಿ ಕೇಳ್ತದ" ಅಂದರು. ನನಗೆ ಕುಣಿಯುವಷ್ಟು ಸಂತೋಷ. ಡಬ್ಬ, ಬ್ಯಾಟರಿ, ಹಾರ್ಮೋನಿಯಂ ಹೊತ್ತು ಮೇಷ್ಟ್ರು ಕೌದಳ್ಳಿ ಬಸ್ಸು ಹತ್ತಿದರು. ಬ್ಯಾಟರಿಯ ಆಸಿಡ್ ಚೆಲ್ಲಿದರೆ ಯಾರು ಹೊಣೆ ಅಂತ ಕಂಡಕ್ಟರು ಜಗಳ ತೆಗೆದ. ಮೇಷ್ಟ್ರಿಗೆ ಕೇಳಲಿಲ್ಲ, ನಗುತ್ತಾ ಕೂತರು.

ಕೆಲವು ವಾರ ಬಿಟ್ಟು ಬ್ಯಾಟರಿ ನೋಡಿಕೊಂಡು ಬರೋಣ ಅಂತ ನಾನೂ ಕೌದಳ್ಳಿಗೆ ಹೋದೆ. ಸಂಜೆ ತಾಲೀಮು ನಡೆದಿತ್ತು. ಮೇಷ್ಟ್ರು ಹೆಡ್‌ಫೋನ್ ಧರಿಸಿ ವಿಮಾನ ಓಡಿಸುವವರ ಹಾಗೆ ಗತ್ತಿನಲ್ಲಿ ಕೂತಿದ್ದರು. ನಾಟಕದಲ್ಲಿ ನಟ ಹಾಡಬೇಕು, ಹಾರ್ಮೋನಿಯಂ ಅವನ ಹಿಂದೆ ಹೋಗಬೇಕು. ಇಲ್ಲಿ ಎಲ್ಲ ತಿರುಗುಮುರುಗು. ರಾಜನ ಪಾರ್ಟಿನ ಗೌಡರು ಬಾಯಿ ತೆರೆದು ನಿಂತು, ಮೇಷ್ಟ್ರ ಬೆರಳು ಎತ್ತ ಹೋಗುತ್ತದೆ ಅಂತ ನೋಡಿ, ಅತ್ತ ಗಂಟಲು ತಿರುಗಿಸುತ್ತಿದ್ದರು. ಬೆರಳು ನಿಲ್ಲುವ ತನಕ ಮುಂದಿನ ಮಾತು ಆಡುತ್ತಿರಲಿಲ್ಲ. ಮೇಷ್ಟ್ರು ಅವರ ತುಟಿ ನೋಡುತ್ತಿದ್ದರು, ಅವರು ಮೇಷ್ಟ್ರ ಬೆರಳು ನೋಡುತ್ತಿದ್ದರು. ಡಬ್ಬದ ಕಡೆ ನೋಡಿದೆ. ಕೆಂಪು ದೀಪ ಉರಿಯುತ್ತಿರಲಿಲ್ಲ.

ಬಿಡುವಿನಲ್ಲಿ ದೀಪ ತೋರಿಸಿ, ಏನು ಅಂತ ಸನ್ನೆ ಮಾಡಿದೆ. ಮೇಷ್ಟ್ರು ಅತ್ತಿತ್ತ ನೋಡಿ ನನ್ನ ಕಿವಿಗೆ ಬಾಯಿಟ್ಟರು. "ಸುಚ್ಚು ಆಕುದ್ರೆ ತಲೆ ಸಿಡೀತದ ಕಣಪ್ಪ. ನೀ ಅಷ್ಟು ಕಷ್ಟ ಬಿದ್ದಿದ್ಯಲ್ಲ, ಎಂಗೆ ಏಳಾದು ನಿಂಗೆ. ಇದು ತಲೆ ಮ್ಯಾಲಿದ್ರೆ ಇವ್ರಿಗೆ ಧೈರ್ಯ. ಯಾರ್ಗೂ ಏಳ್ಬ್ಯಾಡ." ಪಿಸುಮಾತು ಅಂದುಕೊಂಡು ಅವರು ಆಡಿದ್ದು ಸಾಕಷ್ಟು ಜೋರಾಗಿಯೇ ಇತ್ತು. ತಾಲೀಮಿನ ಹುಡುಗರು ಕೇಳಿಸದವರ ಹಾಗೆ ಮುಖ ತಿರುಗಿಸಿಕೊಂಡರು.

ನನ್ನನ್ನು ಬಸ್ಸಿಗೆ ಬಿಡಲು ಬಂದ ಗೌಡರು ದಾರಿಯಲ್ಲಿ ಹೇಳಿದರು: "ನಮ್ಗೆ ಮೊದ್ಲಿಂದ್ಲೂ ಗೊತ್ತು ಸಾ, ಮೇಷ್ಟ್ರಿಗೆ ಕೇಳಲ್ಲ ಅಂತ. ವೀಳ್ಯ ಕೊಟ್ಬುಟ್ಟಿದ್ದೀವಿ. ನಮ್ಮಪ್ಪನ್ಗೂ ಅವ್ರೇ ಕಲಿಸಿದ್ದು. ಎಂಗೋ ಒಂದು ನಾಟ್ಕ ದಾಟಿಸ್ಬುಡ್ತೀವಿ. ನೀವು ಅವ್ರಿಗೆ ಏಳ್ಬ್ಯಾಡಿ, ನೊಂದ್ಕತಾರೆ."

ಇಬ್ಬರ ಗುಟ್ಟೂ ನನ್ನ ಬಾಯಲ್ಲಿ ಬಿಸಿ ತುಪ್ಪ.

ನಾಟಕವೇನೋ ಆಯಿತು. ಮೇಷ್ಟ್ರಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಆದರೆ ನೋಡಲು ಹನೂರಿನಿಂದಲೂ ಮಾರ್ಟಳ್ಳಿಯಿಂದಲೂ ಜನ ಬಂದಿದ್ದರಲ್ಲ, ಅವರೇನು ಕುರುಡರೆ. ರಾಜ ಮಾತು ನುಂಗಿಕೊಂಡು ಹಾರ್ಮೋನಿಯಂ ಕಡೆ ಕಣ್ಣು ನೆಟ್ಟು ನಿಂತದ್ದನ್ನು ಎಲ್ಲರೂ ಕಂಡರು. ಯಾರೂ ಹಂಗಿಸಲಿಲ್ಲ. ಮುಂದಿನ ಸುಗ್ಗಿ ಮುಗಿದ ಮೇಲೆ ವೀಳ್ಯ ತರಲಿಲ್ಲ, ಅಷ್ಟೇ. ಮೇಷ್ಟ್ರು ದಿನಾ ಮಡಿ ಪಂಚೆ ಉಟ್ಟು ಜಗಲಿಯ ಮೇಲೆ ಕೂರುತ್ತಿದ್ದರು. ಹಳ್ಳಿ ಬಸ್ಸುಗಳು ಬಂದುಹೋಗುವ ಹೊತ್ತಿಗೆ ಎದ್ದು ಓಣಿಯ ತುದಿಗೆ ಹೋಗಿ ಬರುತ್ತಿದ್ದರು… ಅದನ್ನು ನೋಡಲಾಗದೆ ನಾನು ಅಂಗಡಿಯ ಆ ಕಡೆಯ ಕಿಟಕಿ ಮುಚ್ಚಿಟ್ಟೆ.

ಒಂದು ಮಧ್ಯಾಹ್ನ ಡಬ್ಬ, ಹೆಡ್‌ಫೋನ್ ಎರಡನ್ನೂ ಹಿಡಿದುಕೊಂಡು ಅಂಗಡಿಗೆ ಬಂದರು. ಬೆಂಚಿನ ತುಂಬ ಗಿರಾಕಿಗಳಿದ್ದರು.

"ಸುಚ್ಚು ಆಕಿರ್ಲಿಲ್ಲ ಅಂತ ನೀನೇ ಏಳ್ದೆ ಅಲ್ವಾ?"

ಇಲ್ಲ ಅಂತ ತಲೆಯಾಡಿಸಿದೆ.

"ಮತ್ಯಾಕೆ ಯಾರೂ ಬರ್ಲಿಲ್ಲ? ನಾಟ್ಕ ಸಂದಾಗೇ ಆಯ್ತಲ್ಲ. ನಿನ್ನ ಬುಟ್ರೆ ಯಾರ್ಗೆ ಗೊತ್ತಿತ್ತು?"

ಇದಕ್ಕೆ ತಲೆಯಾಡಿಸಿದರೆ ಸಾಲದು. ಊರಿಗೆಲ್ಲ ಮೊದಲಿನಿಂದಲೇ ಗೊತ್ತಿತ್ತು ಮೇಷ್ಟ್ರೇ, ನಿಮ್ಮ ಶಿಷ್ಯರೆಲ್ಲ ನಿಮ್ಮ ಬೆರಳು ನೋಡಿಕೊಂಡು ಹಾಡಿದರು ಅಂತ ಹೇಳಬೇಕು. ಅವರಿಗೆ ಏನು ಹೇಳಬೇಕಾದರೂ ಕೂಗಬೇಕಿತ್ತು. ಇಂಥ ಮಾತನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಗೆ ಕೂಗಲಿ. ಬರೆದು ತೋರಿಸೋಣ ಅಂದರೆ, ಓದಿದ ಮೇಲೆ ಆ ಮುದುಕನಿಗೆ ಉಳಿಯುವುದೇನು. ಒಳ್ಳೆಯದಾಗಿ ಆಯಿತು ಅಂದುಕೊಂಡಿದ್ದ ಆ ಕೊನೆಯ ನಾಟಕವೂ ಹೋಗುತ್ತದೆ. ಮೇಷ್ಟ್ರು ನನ್ನ ತುಟಿಯನ್ನೇ ನೋಡುತ್ತಿದ್ದರು, ಅದು ಅಲುಗಲಿಲ್ಲ. "ಓಗ್ಲಿ ಬುಡು" ಅಂದು, ಎರಡನ್ನೂ ಮೇಜಿನ ಮೇಲಿಟ್ಟು ಹೊರಟರು. ಮತ್ತೆ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಓಣಿಯಲ್ಲಿ ಎದುರಾದರೆ ಆ ಬದಿಗೆ ದಾಟಿಕೊಳ್ಳುತ್ತಿದ್ದರು.

ಅವರು ತೀರಿಕೊಂಡಾಗ ಕೌದಳ್ಳಿಯವರು ಬಸ್ಸು ತುಂಬ ಬಂದರು. ಗೌಡರು ನನ್ನ ಕೈ ಹಿಡಿದು, "ನೀವು ಬಾಯಿ ಬುಡ್ಲಿಲ್ಲ ಸಾ, ಪುಣ್ಯ ಬರ್ಲಿ ನಿಮ್ಗೆ" ಅಂದರು.

ಹುಡುಗಿಯ ಹೆಡ್‌ಫೋನಿಗೆ ಒಂದು ಪುಟ್ಟ ಆಂಪ್ಲಿಫಯರ್ ಹೊಂದಿಸಿಕೊಟ್ಟೆ, ಖುಷಿಯಾಗಿ ತಗೊಂಡು ಹೋದಳು. ಮೇಷ್ಟ್ರ ಓಣಿಯ ಮನೆ ಈಗಿಲ್ಲ, ಅವರ ನಾಟಕ ಕಂಡವರೂ ಹೆಚ್ಚು ಉಳಿದಿಲ್ಲ. ಚಾಡಿ ಹೇಳಿದವನು ನಾನು ಅಂತ ನಂಬಿಕೊಂಡೇ ಅವರು ಹೋದರು. ಹಾಗೆ ನಂಬಲು ಬಿಡುವುದಷ್ಟೇ ನನ್ನಿಂದ ಅವರಿಗೆ ಮಾಡಲಾದ ಉಪಕಾರ.