ಹೆಬ್ಬೆಟ್ಟಿನವಳ ಓದು

ಜರ್ಮನಿಯ ಫೊಯರ್‌ಬಾಕ್‌ನ ನಮ್ಮ ಅಡುಗೆಮನೆಯಲ್ಲಿ ಮಗಳು ರೆಫರಾಟ್, ಅಂದರೆ ಶಾಲೆಯ ಭಾಷಣ, ತಯಾರಿಸುತ್ತಿದ್ದಳು. ಮರುದಿನ ಇಂಗ್ಲಿಷ್ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಬೇಕಿತ್ತು. ವಿಷಯ, ಅಮೆರಿಕದ ಮೊದಲ ಶಾಲೆಗಳು. ಯಾರೋ ಹೆಂಗಸು ತನ್ನ ಒಲೆಯ ಮುಂದೆ ನೆರೆಯ ಮಕ್ಕಳನ್ನು ಕೂಡಿಸಿಕೊಂಡು, ಅಕ್ಷರದ ಹಲಗೆ ಕೊಟ್ಟು ಓದು ಕಲಿಸುತ್ತಿದ್ದಳು. ಬರವಣಿಗೆ ಬೇರೆಯೇ ವಿದ್ಯೆ. ಅದಕ್ಕೆ ಬೇರೆ ಮೇಷ್ಟರು, ಅದೂ ಹೆಚ್ಚಾಗಿ ಗಂಡುಹುಡುಗರಿಗೆ. ಹೀಗಾಗಿ ಓದಬಲ್ಲ ಎಷ್ಟೋ ಹೆಂಗಸರು ಸಹಿಯ ಜಾಗದಲ್ಲಿ ಎರಡು ಗೀಟೆಳೆಯುತ್ತಿದ್ದರು.

“ಕ್ಲಾಸಿನ್ಯಾಗ ಯಾರೂ ನಂಬಂಗಿಲ್ಲ ಪಪ್ಪಾ. ಬೆವೈಸ್ ಕೇಳ್ತಾರ. ನಿನ್ನ ಅಜ್ಜಿ ಹಂಗ ಇದ್ಲಲ್ಲ, ಅಕೀನ್ನ ಹಾಕ್ಲಿ?”

ಬೆವೈಸ್, ಅಂದರೆ ಪುರಾವೆ. ಅದೇ ನನ್ನ ಬಳಿ ಇರಲಿಲ್ಲ. ಅಜ್ಜಿ ಪತ್ರಿಕೆ ಓದುತ್ತಿದ್ದುದೂ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದುದೂ ನೆನಪಿದೆ. ಆದರೆ ಪತ್ರಿಕೆ ಅವಳ ಕೈಯಲ್ಲಿ ತಲೆಕೆಳಗಾಗಿರುತ್ತಿತ್ತು ಎಂದೂ ನೆನಪು. ವಿಶ್ವವಿದ್ಯಾಲಯ ಸೇರಿದ ಮೇಲೆ, ಅದೆಲ್ಲ ನಟನೆ ಎಂದು ತೀರ್ಮಾನಿಸಿ ಗೆಳೆಯರನ್ನು ನಗಿಸಿದ್ದೆ. ತಲೆಕೆಳಗಾದ ಪತ್ರಿಕೆಯೂ ನಾನೇ ಕಟ್ಟಿದ್ದಿರಬಹುದೇ? ಧಾರವಾಡದ ಅಕ್ಕನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅದನ್ನೇ ಕೇಳಿದೆ.

“ಕಟ್ಟಿದ್ದಲ್ಲೋ ಶಾಣ್ಯಾ, ಹಂಗ ಹಿಡೀತಿದ್ಲು. ಮನ್ಯಾಗ ಇದ್ದದ್ದ ಒಂದ ಪುಸ್ತಕ. ಅಕಿ ಅಣ್ಣ ಹಿಡಕೊಂಡು ಕುಂದ್ರತಿದ್ದ, ಅಕಿ ಎದುರಿಗೆ ಕುಂತು ಕಲತಾಕಿ. ಅಕ್ಷರ ತಿರುವಿ ಹಿಡಿದ್ರನ ಅಕಿಗೆ ಸಲೀಸು.”

“ಖರೇನ ಓದತಿದ್ಲು ಅನ್ನಾಕ ಏನ್ ಪುರಾವೆ? ಬಾಯಿಪಾಠ ಇದ್ರ?”

“ಬಾಯಿಪಾಠ! ಗಣಿತದಾಗ ಫೇಲ್ ಆದೆ ಅಂತ ಹಾಸ್ಟೆಲ್‌ನಿಂದ ಅಪ್ಪಗ ಗುಟ್ಟಾಗಿ ಕಾಗದ ಬರದಿದ್ದಿ ಅಲ್ಲ, ಅದನ್ನ ಕಟ್ಟಿಮ್ಯಾಲೆ ಕುಂತು ಓಣಿಗೆಲ್ಲಾ ಓದಿ ಹೇಳಿದಾಕಿ ಯಾರು? ನಾನು ಅಂತ ತಿಳಕೊಂಡಿದ್ದಿ?”

ಹಾಗೆಯೇ ತಿಳಿದಿದ್ದೆ. ಆ ಸಿಟ್ಟಿಗೆ ಒಂದು ದೀಪಾವಳಿ ಪೂರ್ತಿ ಅಕ್ಕನ ಜೊತೆ ಮಾತು ಬಿಟ್ಟಿದ್ದೆ. ಯಾರೂ ಕಂಡಿರದ ಕಾಗದವನ್ನು ಬಾಯಿಪಾಠದಿಂದ ಓದಲಾಗದು. ನನ್ನ ನೆನಪು ಸರಿಯಾಗಿತ್ತು, ತಪ್ಪಿದ್ದು ತರ್ಕ.

ಮಗಳು ಲ್ಯಾಪ್‌ಟಾಪ್ ಬಿಟ್ಟು ನನ್ನ ಕಡೆ ತಿರುಗಿದ್ದಳು. “ಪಪ್ಪಾ, ಗಣಿತದಾಗ? ನೀ?”

“ಅದೊಂದು ಬಿಟ್ಟು ಉಳಿದದ್ದು ಹಾಕು.”

“ಅದನ್ನ ಬಿಟ್ರ ಏನ್ ಉಳೀತು?”

ನೂರಕ್ಕೆ ಎಷ್ಟು ಬಂದಿತ್ತು ಎಂಬುದನ್ನೂ ನಾನೇ ಹೇಳಿ ಬರೆಸಿದೆ.