ಮಣೆಯಿಂದ ಎದ್ದ ಕುಮಾರಿ

ನವರಾತ್ರಿಯ ಅಷ್ಟಮಿಯಂದು ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಕುಮಾರಿ ಪೂಜೆ ನಡೆಯುತ್ತದೆ. ಇನ್ನೂ ಋತುಮತಿಯರಾಗದ ಹೆಣ್ಣುಮಕ್ಕಳನ್ನು ಮಣೆಯ ಮೇಲೆ ಕೂಡಿಸಿ, ಹರಿವಾಣದಲ್ಲಿ ಅವರ ಪಾದ ತೊಳೆದು, ಅರಿಶಿನ ಕುಂಕುಮ ಹಚ್ಚಿ, ದೇವಿಯೇ ಬಂದಳೆಂದು ನಮಸ್ಕರಿಸುವುದು ಹಿರಿಯರಿಂದ ಬಂದ ನಡೆ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ ನಿವೃತ್ತನಾದ ನನಗೆ ವರ್ಷದಲ್ಲಿ ಅದಕ್ಕಿಂತ ಹಿರಿದಾದ ದಿನವಿಲ್ಲ.

ನನ್ನ ಮೊಮ್ಮಗಳು ಮೂರನೆಯ ವಯಸ್ಸಿನಿಂದ ಆ ಮಣೆಯ ಮೇಲೆ ಕುಳಿತವಳು. ಹದಿನೈದು ತುಂಬಿದರೂ ಅವಳು ಋತುಮತಿಯಾಗಲಿಲ್ಲ. ಮೈ ಹೆಣ್ಣಾಗಿ ಬೆಳೆದಿತ್ತು, ಎತ್ತರದಲ್ಲಿ ತಾಯಿಯನ್ನೂ ಮೀರಿದ್ದಳು. ವೈದ್ಯರಿಗೆ ತೋರಿಸೋಣವೆಂದು ಸೊಸೆ ಎರಡು ಸಲ ಕೇಳಿದಳು. ದೇವಿ ಅವಳನ್ನು ತನ್ನವಳಾಗಿ ಇರಿಸಿಕೊಂಡಿದ್ದಾಳೆ, ಅವಸರ ಬೇಡ ಎಂದು ನಾನೇ ತಡೆದೆ. ಹಾಗೆ ತಡೆಯುವಾಗ ಒಳಗೊಳಗೆ ಹೆಮ್ಮೆಯೂ ಇತ್ತೆಂಬುದನ್ನು ಮರೆಮಾಚಲಾರೆ.

ಮರುವರ್ಷದ ಅಷ್ಟಮಿಗೆ ಅವಳ ಎಡಬಲಕ್ಕೆ ಶಿರಹಟ್ಟಿಯ ಬಂಧುಗಳ ಆರೇಳು ವರ್ಷದ ಮಕ್ಕಳು ಕುಳಿತಿದ್ದರು. ನೀರು ಎರೆಯಲು ನಾನು ಬಾಗಿದಾಗ ಅವಳು ಪಾದಗಳನ್ನು ಎಳೆದುಕೊಂಡು, ನನಗಷ್ಟೇ ಕೇಳುವಂತೆ ಹೇಳಿದಳು:

"ಅಜ್ಜಾ, ನನ್ನ ಕಾಲು ನಿನ್ನ ಹರಿವಾಣದಾಗ ಹಿಡಿಸಂಗಿಲ್ಲ. ದೇವಿ ಬಂದಳು ಅಂತ ಗೆಳತ್ಯಾರು ನಗತಾರ. ಮೊದಲ ದವಾಖಾನಿಗೆ ಕರ್ಕೊಂಡು ಹೋಗು."

ಹೇಳಿ, ಎದ್ದು ಒಳಗೆ ಹೋದಳು. ನಾನು ಉಳಿದ ಮಕ್ಕಳ ಪಾದ ತೊಳೆದೆ; ಮಂತ್ರ ಎರಡು ಕಡೆ ತಪ್ಪಿತು.

ಹಬ್ಬ ಮುಗಿಯುತ್ತಲೇ ನಾವು ಅವಳನ್ನು ಕರೆದೊಯ್ದೆವು. ಗದಗಿನ ವೈದ್ಯೆ ರಕ್ತ ತೆಗೆದು, ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಕೆಲವು ವಾರಗಳ ಬಳಿಕ ಬರಹೇಳಿದರು. ಆ ದಿನ ತಾಯಿ ಮಗಳು ಒಳಗಿದ್ದರು, ನಾನು ಹೊರಗೆ ಕುಳಿತಿದ್ದೆ. ಸ್ವಲ್ಪ ಹೊತ್ತಿಗೆ ಸೊಸೆ ಬಾಗಿಲಿಗೆ ಬಂದು, ಅಜ್ಜನೂ ಇರಲಿ ಎಂದು ಮಗಳೇ ಹೇಳುತ್ತಿದ್ದಾಳೆ ಎಂದಳು.

ವೈದ್ಯೆ ಕಾಗದದ ಮೇಲೆ ಬರೆದು ವಿವರಿಸಿದರು. ಸಾಮಾನ್ಯವಾಗಿ ಹೆಂಗಸರಲ್ಲಿ ಎರಡು ಎಕ್ಸ್ ವರ್ಣತಂತುಗಳು, ಗಂಡಸರಲ್ಲಿ ಒಂದು ಎಕ್ಸ್, ಒಂದು ವೈ. ಇವಳಲ್ಲಿರುವುದು ಎಕ್ಸ್ ಮತ್ತು ವೈ. ಗರ್ಭದಲ್ಲಿದ್ದಾಗಲೇ ಗಂಡು ಹಾರ್ಮೋನು ಸಿದ್ಧವಾಗಿತ್ತು. ಅದನ್ನು ಸ್ವೀಕರಿಸುವ ಶಕ್ತಿ ಜೀವಕೋಶಗಳಿಗೆ ಇರಲಿಲ್ಲ. ಆದ್ದರಿಂದ ಮೈ ಹೆಣ್ಣಾಗಿಯೇ ರೂಪುಗೊಂಡಿತು. ಗರ್ಭಕೋಶವಿಲ್ಲ, ಮುಟ್ಟು ಬರುವುದಿಲ್ಲ, ಬಸಿರು ನಿಲ್ಲುವುದಿಲ್ಲ. ಗಂಡು ಹಾರ್ಮೋನು ತಯಾರಿಸುವ, ಹೊಟ್ಟೆಯೊಳಗಿನ ಗ್ರಂಥಿಗಳನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಉಳಿದಂತೆ ಆರೋಗ್ಯವಾಗಿದ್ದಾಳೆ.

"ಅಜ್ಜಾರ, ಗಂಡು ಹಾರ್ಮೋನು ಹೇಳಿದ್ದು ಈಕಿ ಮೈ ಕೇಳಿಲ್ಲ, ಅಷ್ಟ. ಇದು ಯಾರ ತಪ್ಪೂ ಅಲ್ಲ, ಶಾಪಾನೂ ಅಲ್ಲ," ಎಂದರು.

ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಹೇಳುತ್ತ ಬಂದವನು ನಾನು.

"ಹಂಗಾರ ನಾ ಹುಡುಗಿ ಅಲ್ಲೇನ, ಅಜ್ಜಾ? ಮನಿ ಮಂದಿ ನೀ ಹೇಳಿದ್ದ ಕೇಳ್ತಾರ."

ಓದಿದ ಶಾಸ್ತ್ರಗಳಲ್ಲಿ ಆಧಾರ ಹುಡುಕಲು ಮನಸ್ಸು ಓಡಿತು. ಅಷ್ಟರಲ್ಲಿ ಅವಳ ಕಣ್ಣು ತುಂಬಿದ್ದು ಕಂಡು ಹುಡುಕಾಟ ಬಿಟ್ಟೆ.

"ನೀ ಯಾರಂತ ನಿನಗ ಗೊತ್ತೈತಿ, ಮಗಳ. ನೀ ಹೇಳು, ನಾ ಕೇಳ್ತೀನಿ."

"ನಾ ಹುಡುಗಿನ," ಎಂದಳು. ಮೂಗು ಒರೆಸಿಕೊಂಡು, "ಅದೂ ನಿನ್ನಕಿಂತ ಶಾಣ್ಯಾಕಿ," ಎಂದು ಸೇರಿಸಿದಳು.

ಅವಳೆದುರು ಅಲ್ಲಿಯೇ ಕೈಮುಗಿದು, ತಡ ಮಾಡಿದ್ದಕ್ಕೆ ಕ್ಷಮೆ ಕೇಳಿದೆ. ಅವಳು ನನ್ನ ಕೈಗಳನ್ನು ಬಿಡಿಸಿ ಹಿಡಿದುಕೊಂಡಳು.

ದೇವಿಯ ಅನುಗ್ರಹವನ್ನು ನಾನು ಈಗಲೂ ನಂಬುತ್ತೇನೆ. ಅಷ್ಟು ದಿನ ತಡೆದವನನ್ನು ಮೊಮ್ಮಗಳು ಆ ದಿನ ವೈದ್ಯೆಯ ಕೋಣೆಯ ಹೊರಗೇ ಬಿಡಬಹುದಿತ್ತು, ಬಿಡಲಿಲ್ಲ. ಈ ವಿಷಯವನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವಳಿಗೇ ಸೇರಿದ್ದೆಂದು ಮನೆಯವರಿಗೆಲ್ಲ ತಿಳಿಸಿದ್ದೇನೆ. ಈ ಬರಹಕ್ಕೂ ಅವಳೇ ಒಪ್ಪಿಗೆ ಕೊಟ್ಟಳು. ಮೊದಲು ತಾನೇ ಓದಿ, ನಾನು ನನ್ನನ್ನು ಅತಿಯಾಗಿ ಹಳಿದುಕೊಂಡಿದ್ದ ಎರಡು ವಾಕ್ಯಗಳನ್ನು ಹೊಡೆದುಹಾಕಿದಳು. ಆ ಉಪಕಾರಕ್ಕೂ ನಾನು ಋಣಿ.