ಅಕ್ಕನ ಕೈ ಇದ್ದ ಜಾಗ

ನನ್ನ ಅಕ್ಕ ಇಪ್ಪತ್ತೆರಡು ವರ್ಷ ಅಂಗಿಯ ಗುಂಡಿಯಷ್ಟು ಗಾಜೊಂದನ್ನು ಹಿಡಿದುಕೊಂಡು ನಿಂತವಳು. ಕೇಳಿದವರು ನಗುತ್ತಾರೆ. ನಗುವವರು ಮೊದಲು ತುಂಬಿದ ಲೋಟವನ್ನು ಎರಡೇ ಬೆರಳಲ್ಲಿ ಹಿಡಿದು ಒಂದೂವರೆ ಗಂಟೆ ನಿಲ್ಲಲಿ, ಆಮೇಲೆ ಮಾತಾಡೋಣ.

ಅವಳು ಕಣ್ಣಾಸ್ಪತ್ರೆಗೆ ಸೇರಿದ್ದು ಆಪರೇಷನ್ ಕೋಣೆಯ ಬಟ್ಟೆ ಮಡಿಸುವುದಕ್ಕೆ. ಒಂದು ದಿನ ಉಪಕರಣಗಳ ತಟ್ಟೆ ಎತ್ತಿ ತಂದಾಗ ಅದರೊಳಗಿನ ಒಂದು ಸೂಜಿಯೂ ಸದ್ದು ಮಾಡಲಿಲ್ಲವಂತೆ. ದೊಡ್ಡ ಡಾಕ್ಟರು ಅದನ್ನು ಗಮನಿಸಿ, ಇವಳನ್ನು ಮೇಜಿನ ಹತ್ತಿರ ನಿಲ್ಲಿಸಿ ಎಂದರು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಕಣ್ಣಿನ ಹಿಂಗೋಡೆಗೆ ತೆಳುವಾದ ಪರದೆ ಅಂಟಿಕೊಂಡಿರುತ್ತದೆ. ಅದು ಕಳಚಿದರೆ ಕಣ್ಣು ಹೋದ ಹಾಗೆ. ಸರಿಮಾಡಲು ಡಾಕ್ಟರು ಬಿಳಿಗುಡ್ಡೆಯಲ್ಲಿ ಸಣ್ಣ ತೂತು ಮಾಡಿ ಒಳಕ್ಕೆ ದೀಪ, ಕತ್ತರಿ ಇಳಿಸಿ, ಮೇಲಿಂದ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಬರೀ ಮೈಕ್ರೋಸ್ಕೋಪಿಗೆ ಕಣ್ಣಿನ ತಳ ಕಾಣುವುದಿಲ್ಲ. ಕರಿಗುಡ್ಡೆಯ ಮೇಲೆ ಒಂದು ಲೆನ್ಸು ಕೂರಬೇಕು. ಆ ಲೆನ್ಸಿನ ಹಿಡಿ ನನ್ನ ಅಕ್ಕನ ಕೈಯಲ್ಲಿ. ಒತ್ತಿದರೆ ನೋಟ ಸುಕ್ಕಾಗುತ್ತದೆ, ಸಡಿಲ ಬಿಟ್ಟರೆ ಕೆಳಗೆ ಗುಳ್ಳೆ ಹೊಕ್ಕು ಎಲ್ಲ ಮಬ್ಬು. ಕತ್ತರಿ ಒಳಗಿರುವಾಗ ಮಬ್ಬಾಯಿತೆಂದರೆ ಎಂಥ ಡಾಕ್ಟರೂ ಕುರುಡನೇ. ಅದರಲ್ಲಿ ಕಾಣುವುದೂ ಒಂದು ಕಿರುಕಿಟಕಿಯಷ್ಟು ಜಾಗ. ಅಂಚು ನೋಡಬೇಕೆಂದರೆ ಲೆನ್ಸನ್ನು ಓರೆ ಮಾಡಬೇಕು. ಯಾವ ಕಡೆಗೆ ಎಂದು ಡಾಕ್ಟರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರ ಭುಜ ಅಲುಗಿದರೆ ಅಕ್ಕನ ಬೆರಳು ಅಲುಗುತ್ತಿತ್ತು.

ಆಸ್ಪತ್ರೆಯವರೆಲ್ಲ ಅವಳನ್ನು ಕಂಬದಕ್ಕ ಎಂದೇ ಕರೆಯುತ್ತಿದ್ದರು. ಭಾವನಿಗೆ ಇದನ್ನು ಕೇಳಿದರೆ ನಗು. ಮನೆಯಲ್ಲಿ ವಾರಕ್ಕೊಂದು ಲೋಟ ಒಡೆಯುವ ಕಂಬ ಇದೊಂದೇ ಎನ್ನುತ್ತಿದ್ದ.

ನನ್ನದು ಲೇತ್ ಅಂಗಡಿ. ಓದಿದ್ದು ಏಳನೇ ಕ್ಲಾಸು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಹಾಗಾಗಿ ಅಕ್ಕ ನನ್ನನ್ನು ಪಟಾಕಿ ಎಂದು ಕರೆಯುತ್ತಿದ್ದಳು. ಆಸ್ಪತ್ರೆಯ ಸಣ್ಣಪುಟ್ಟ ತಿರುಪು, ಹಿಡಿಕೆ ಎಲ್ಲ ನಾನೇ ಮಾಡಿಕೊಡುತ್ತಿದ್ದೆ. ಮಾಡಿದ ಪ್ರತಿ ವಸ್ತುವಿನ ತುದಿಗೂ ಕೂದಲೆಳೆಯಷ್ಟು ಒಂದು ಗೀರು ಹಾಕುವುದು ನನ್ನ ಅಭ್ಯಾಸ. ಅಕ್ಕ ಅದನ್ನು ಬೆರಳಲ್ಲಿ ಮುಟ್ಟಿಯೇ ಗುರುತು ಹಿಡಿಯುತ್ತಿದ್ದಳು.

ಐವತ್ತು ದಾಟುತ್ತಲೇ ಅವಳ ಬಲಭುಜ ಹಟ ಹಿಡಿಯಿತು. ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲಾಗದೆ, ಭಾವ ಜಡೆ ಹಾಕುವುದು ಕಲಿತ. ಸೊಟ್ಟ ಜಡೆ, ಆದರೂ ದಿನಾ ಹಾಕುತ್ತಿದ್ದ. ಮೇಜಿನ ಹತ್ತಿರ ನಿಂತರೆ ಮಾತ್ರ ನೋವೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು.

ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಒಂದು ಪೆಟ್ಟಿಗೆ ಹಿಡಿದುಕೊಂಡು ನನ್ನ ಅಂಗಡಿಗೇ ಬಂದರು. ಒಳಗೆ ಹೊಸ ಬಗೆಯ ಲೆನ್ಸು. ಕಣ್ಣನ್ನು ಮುಟ್ಟುವುದೇ ಇಲ್ಲ, ಮೈಕ್ರೋಸ್ಕೋಪಿನಿಂದ ಇಳಿಬಿದ್ದು ಕಣ್ಣಿನ ಮೇಲೆ ಕೂದಲಂತರದಲ್ಲಿ ನಿಲ್ಲುತ್ತದೆ. ಕಿಟಕಿಯಲ್ಲ, ಇಡೀ ಅಂಗಳವನ್ನೇ ಒಂದೇ ನೋಟಕ್ಕೆ ತೋರಿಸುತ್ತದೆ. ತಲೆಕೆಳಗಾಗಿ ತೋರಿಸುತ್ತದೆ, ಅದನ್ನು ನೆಟ್ಟಗೆ ಮಾಡಲು ಇನ್ನೊಂದು ಡಬ್ಬಿ. ಆದರೆ ಅದರ ತೋಳು ನಮ್ಮ ಹಳೆಯ ಮೈಕ್ರೋಸ್ಕೋಪಿಗೆ ಕೂರುತ್ತಿರಲಿಲ್ಲ.

"ನಿಮ್ಮಕ್ಕನ ಭುಜ ನೋಡೋಕಾಗಲ್ಲಪ್ಪ. ಇದೊಂದು ಕೂತ್ರೆ ಅವಳು ಆರಾಮಾಗಿ ಪಕ್ಕದಲ್ಲಿ ನಿಂತಿರಬಹುದು. ಈಗಲೇ ಹೇಳಬೇಡ, ನೋಡಿ ಖುಷಿಪಡಲಿ" ಎಂದರು.

ಅವಳು ಮೇಜಿನ ಹತ್ತಿರವೇ ಇರುತ್ತಾಳೆ ತಾನೇ ಎಂದು ನಾನು ಕೇಳಿದೆ. ಕೇಳಲಿಲ್ಲ ಎಂದು ಯಾರೂ ಹೇಳಬಾರದು.

"ಅವಳಿಲ್ಲದೆ ನಾನು ಯಾವ ಕಣ್ಣಿಗಾದ್ರೂ ಕೈ ಹಾಕಿದ್ದುಂಟಾ?" ಎಂದರು.

ಮೂರು ವಾರ ಕೂತೆ. ಎರಡು ತೋಳು ಮಾಡಿ ಬಿಸಾಕಿದೆ. ಮೂರನೆಯದಕ್ಕೆ ಸ್ಪ್ರಿಂಗ್ ಇಟ್ಟೆ. ಮೈಕ್ರೋಸ್ಕೋಪು ಜಾಸ್ತಿ ಕೆಳಗೆ ಬಂದರೂ ಲೆನ್ಸು ಕಣ್ಣನ್ನು ಒತ್ತದೆ ಮೇಲಕ್ಕೆ ಸರಿಯಬೇಕು. ಅಷ್ಟು ಚೆಂದದ ಕೆಲಸ ನನ್ನ ಜನ್ಮದಲ್ಲಿ ಮಾಡಿರಲಿಲ್ಲ. ತುದಿಗೆ ಗೀರು ಹಾಕಿ ಕೊಟ್ಟೆ.

ಮೊದಲ ದಿನವೇ ಅಕ್ಕ ಆ ಗೀರು ಕಂಡಳು. ಅವಳ ಲೆನ್ಸು ತಟ್ಟೆಯಲ್ಲಿ ಇರಲಿಲ್ಲ. ಎರಡೂ ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಳಂತೆ. ಒಂದೂವರೆ ಗಂಟೆಯ ಕೆಲಸ ಐವತ್ತು ನಿಮಿಷಕ್ಕೆ ಮುಗಿಯಿತು. ಮುಂದಿನ ಸೋಮವಾರ ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರು ಕಣ್ಣಿಗೆ ಹನಿ ಹಾಕುವ ಕೋಣೆಗೆ ಹೋಗಿತ್ತು. ಅವಳು ಕೇಳಲು ಹೋದರೆ ಡಾಕ್ಟರು ಫೈಲಿನಿಂದ ತಲೆ ಎತ್ತಲಿಲ್ಲ.

"ಭುಜಕ್ಕೆ ರೆಸ್ಟ್ ಬೇಕಲ್ಲಮ್ಮ. ನಿನ್ನ ತಮ್ಮನೇ ಅಷ್ಟು ಮುತುವರ್ಜಿಯಿಂದ ಮಾಡಿಕೊಟ್ಟ."

ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವಳ ಜಾಗ ಕಿತ್ತುಕೊಂಡಿದ್ದು ಅವರು, ಮಸಿ ಬಳಿದಿದ್ದು ನನ್ನ ಮುಖಕ್ಕೆ.

ಅಕ್ಕ ನೇರವಾಗಿ ಅಂಗಡಿಗೆ ಬಂದಳು. "ನಿಂಗೆ ಗೊತ್ತಿತ್ತಾ?"

"ತೋಳಿನ ವಿಷಯ ಗೊತ್ತಿತ್ತು, ಆದರೆ ನಿನ್ನ ಭುಜಕ್ಕೆ ಅಂತ..." ಎಂದು ನಾನು ಶುರು ಮಾಡಿದೆ. "ಅಷ್ಟೇ ಕೇಳಿದ್ದು" ಎಂದು ಹೊರಟುಹೋದಳು.

ನಾನು ಆಸ್ಪತ್ರೆಗೆ ನುಗ್ಗಿದೆ. ಕಾವಲಿನವನು ರಟ್ಟೆ ಹಿಡಿದುಕೊಂಡ. ಡಾಕ್ಟರು ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, "ಲೆನ್ಸು ತಾನಾಗೇ ನಿಂತ್ಕೊಂಡ ಮೇಲೆ ಹಿಡಿಯೋಳು ಯಾಕಪ್ಪ?" ಎಂದರು. ಹೊಸ ಲೆನ್ಸಿನಿಂದ ಉಳಿದ ಕಣ್ಣುಗಳು ಹೆಚ್ಚೇ ಎಂದು ನನಗೂ ಗೊತ್ತು. ಆದರೆ ಅಕ್ಕನ ಜಾಗ ಹೋಗುತ್ತದೆಂದು ಮೊದಲೇ ಹೇಳಲು ಅವರ ಬಾಯಿಗೇನಾಗಿತ್ತು?

ನಾಲ್ಕು ತಿಂಗಳು ಅಕ್ಕ ಮಾತಾಡಲಿಲ್ಲ. ಮಧ್ಯೆ ಲೆನ್ಸಿನ ತೋಳು ಸಡಿಲವಾಗಿ ಚಿತ್ರ ತೂಗಾಡತೊಡಗಿತು. ಡಾಕ್ಟರು ಕಳಿಸಿದವನನ್ನು ಎರಡು ಸಲ ಬೈದು ಅಟ್ಟಿದೆ. ಮೂರನೆಯ ಸಲ, ಮಧ್ಯಾಹ್ನ, ಲೆನ್ಸಿನ ತೋಳನ್ನು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಬಂದವಳು ಅಕ್ಕ.

"ನಿನ್ನನ್ನೇ ಕಳಿಸಿದ್ನಾ ಅವನು?" ನನ್ನ ಮೈ ಉರಿದುಹೋಯಿತು.

"ಹೂಂ. ನನ್ನ ಕೈಲಿ ಕಳಿಸಿದ್ರೆ ನೀನು ಇಲ್ಲ ಅನ್ನಲ್ಲ ಅಂತ ಗೊತ್ತು ಅವರಿಗೆ." ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟಳು. "ನಾಳೆ ಒಬ್ಬ ಬಸ್ ಡ್ರೈವರ್ ಆಪರೇಷನ್ನಿಗೆ ಮಲಗ್ತಾನೆ. ಒಂದು ಕಣ್ಣು ಆಗಲೇ ಹೋಗಿದೆ. ಅವನು ನಮಗೇನು ಮಾಡಿದಾನೆ?"

ಸವೆದಿದ್ದ ಪಿನ್ನು ತೆಗೆದು ಹೊಸದು ಹಾಕಿದೆ. ತೋಳನ್ನು ವೈಸಿನ ದವಡೆಗೆ ಕಚ್ಚಿಸಿ, ಲೆನ್ಸು ಕೂರಿಸಿ, ಕೆಳಗೆ ಒಂದು ಪೇಪರ್ ಹಾಸಿದೆ. ತಲೆಕೆಳಗಾದ ಅಕ್ಷರಗಳನ್ನು ಅಕ್ಕ ರೆಪ್ಪೆ ಬಡಿಯದೆ ನೋಡಿದಳು.

"ಇನ್ನೂ ಆಡ್ತಿದೆ."

ನನಗೇನೂ ಕಾಣಲಿಲ್ಲ. ಕಾಲು ಸುತ್ತು ಬಿಗಿ ಮಾಡಿದೆ. ಇನ್ನೂ ಎಂದಳು. ಮತ್ತೆ ಕಾಲು ಸುತ್ತು.

"ಈಗ ನಿಂತಿತು."

ಅಷ್ಟರಲ್ಲಿ ಅವಳ ಬಲಗೈ, ಎರಡು ಬೆರಳು ಕೂಡಿಕೊಂಡು, ತೋಳಿನ ಪಕ್ಕಕ್ಕೆ ತಾನಾಗಿ ಬಂದು ನಿಂತಿತ್ತು. ಅವಳೇ ಅದನ್ನು ನೋಡಿ ಚೀಲದೊಳಕ್ಕೆ ತುರುಕಿಕೊಂಡಳು.

"ನಾಳೆ ಇದನ್ನ ನಾನೇ ಒಳಗೆ ಕೊಟ್ಟು ಬರಬೇಕು. ಆ ಗೀರು ನನ್ನ ಬೆರಳಿಗೆ ಸಿಗಬಾರದು, ಅಳಿಸು" ಎಂದಳು.

ಅರ ತೆಗೆದುಕೊಂಡು ತಿಕ್ಕಿದೆ. ಬೆರಳಾಡಿಸಿ ನೋಡಿದಳು, ಇನ್ನಷ್ಟು ತಿಕ್ಕು ಎಂದಳು. ಪೂರ್ತಿ ನುಣುಪಾದ ಮೇಲೆ ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದಳು. ಬಾಗಿಲು ದಾಟುವಾಗ ಭಾವ ಹಾಕಿದ ಸೊಟ್ಟ ಜಡೆ ಕಂಡಿತು. ಪಟಾಕಿ ಎಂದು ಒಮ್ಮೆ ಬೈದಾದರೂ ಹೋಗುತ್ತಾಳೆಂದು ಅರ ಹಿಡಿದುಕೊಂಡೇ ನಿಂತಿದ್ದೆ. ಬೈಯಲಿಲ್ಲ.